ಮನೇಲಿ ಕೇಳಿ ಬರ್ತೀನಿ

ಈ ಸ್ಟಿಯರಿಂಗ್ ಮುಟ್ಟಿ ಹೇಳುತ್ತೇನೆ, ಈಗ ನಾನು ಹೇಳಲಿರುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಸತ್ಯವಂತ ಅಂತಲ್ಲ. ನೆಲದ ಮೇಲೆ ನಿಂತಾಗ ನನ್ನಷ್ಟು ಸುಳ್ಳು ಹೇಳುವವನು ಈ ಊರಿನಲ್ಲಿ ಇನ್ನೊಬ್ಬನಿಲ್ಲ, ಯಾರನ್ನು ಬೇಕಾದರೂ ಕೇಳಿ. ಆದರೆ ಈಗ ನಾವಿಬ್ಬರೂ ಕಾರಿನೊಳಗೆ ಕೂತಿದ್ದೇವೆ, ಬಾಗಿಲು ಹಾಕಿದೆ. ಕಾರಿನೊಳಗೆ ಸುಳ್ಳು ಹೇಳುವ ಧೈರ್ಯ ನಮ್ಮೂರಿನಲ್ಲಿ ಯಾರಿಗೂ ಇಲ್ಲ. ನೀವು ಹೊರಗಿನವರು. ಬಿಸಿಲಲ್ಲಿ ಬಸ್ಸು ಕಾಯಲಾರದೆ ಇದನ್ನು ಟ್ಯಾಕ್ಸಿ ಅಂದುಕೊಂಡು ಹತ್ತಿದ್ದೀರಿ. ಪರವಾಗಿಲ್ಲ, ನಿಮ್ಮ ಬಸ್ಸು ಬರುವವರೆಗೆ ಕೂತಿರಿ. ಸೀಟು ಹಿಂದಕ್ಕೆ ಬೇಕಾದರೆ ಕೆಳಗೊಂದು ಹಿಡಿ ಇದೆ, ಎಳೆದರೆ ಸರಿಯುತ್ತದೆ. ಮಾತು ಮಾತ್ರ ನಾನಾಡುತ್ತೇನೆ. ನೀವು ತಲೆಯಾಡಿಸಿದರೆ ಸಾಕು.

ನಮ್ಮೂರಿನ ಕಾರುಗಳು ತಮ್ಮೊಳಗೆ ಕೂತು ಆಡಿದ ಮಾತನ್ನು ನಂಬುತ್ತವೆ. ಅಷ್ಟೇ ವಿಷಯ. ಡ್ರಿಲ್ ಮಾಸ್ತರು ಸಿದ್ಧವೀರಪ್ಪನವರು ಒಂದು ಸಲ ಕಾರಿನಲ್ಲಿ ಕೂತು, ಈ ಜನ್ಮದಲ್ಲಿ ಭಾವಮೈದುನನ ಮನೆ ಹೊಸಿಲು ತುಳಿಯುವುದಿಲ್ಲ ಅಂದರು. ಆ ಜಗಳ ಮುಗಿದು ಎಷ್ಟೋ ವರ್ಷವಾಯಿತು. ಈಗ ಪ್ರತಿ ಭಾನುವಾರ ಎರಡೂ ಸಂಸಾರ ಒಟ್ಟಿಗೆ ಊಟ ಮಾಡುತ್ತವೆ. ಆದರೆ ಕಾರು ಆ ಬೀದಿಗೆ ತಿರುಗುವುದಿಲ್ಲ. ಮಾಸ್ತರು ಅದನ್ನು ಮೂಲೆಯಲ್ಲಿ ನಿಲ್ಲಿಸಿ, ಕೈಯಲ್ಲಿ ಟಿಫಿನ್ ಕ್ಯಾರಿಯರ್ ಹಿಡಿದು ಬಿಸಿಲಲ್ಲಿ ನಡೆದು ಹೋಗುತ್ತಾರೆ. ಇನ್ನು ಫೋಟೋ ತೆಗೆಯುವ ಚೆಲುವರಾಜು. ಮದುವೆ ಮನೆಯವರು ಫೋನು ಮಾಡಿದಾಗ ಅವನಿನ್ನೂ ತನ್ನ ಮನೆಯ ಮುಂದೆಯೇ ಇದ್ದ. ಐದು ನಿಮಿಷದಲ್ಲಿ ಅಲ್ಲಿರುತ್ತೇನೆ ಅಂದ. ಛತ್ರ ಇಪ್ಪತ್ತೆರಡು ಕಿಲೋಮೀಟರು ದೂರ. ಐದು ನಿಮಿಷದಲ್ಲಿ ಅಲ್ಲಿದ್ದ. ಕ್ಯಾಮೆರಾಕ್ಕೆ ಏನೂ ಆಗಲಿಲ್ಲ, ಅವನಿಗೂ ಏನೂ ಆಗಲಿಲ್ಲ. ತಲೆಗೂದಲು ಮಾತ್ರ ಅವತ್ತು ನೆಟ್ಟಗೆ ನಿಂತದ್ದು ಇನ್ನೂ ಮಲಗಿಲ್ಲ. ಒಬ್ಬರು ಆಡಿದ್ದನ್ನು ಹೀಗೆ 'ಅಂದರು', 'ಅಂದ' ಸೇರಿಸಿ ಹೇಳಿದರೆ ತೊಂದರೆಯಿಲ್ಲ. ಅಷ್ಟು ವ್ಯಾಕರಣ ಇವಕ್ಕೂ ಗೊತ್ತು.

ಹಾಗಾಗಿ ನಮ್ಮವರು ಕಾರು ಹತ್ತುವ ಮೊದಲು ಬಾಯಿಗೆ ಎಲೆಅಡಿಕೆ ಹಾಕಿಕೊಳ್ಳುತ್ತಾರೆ. ದೂರದ ಪ್ರಯಾಣವಾದರೆ ನಡುವೆ ಎಲ್ಲಾದರೂ ಮರದ ಕೆಳಗೆ ನಿಲ್ಲಿಸಿ, ಇಳಿದು, ಹೊಗಳುವುದು, ಬೈಯುವುದು, ಭರವಸೆ ಕೊಡುವುದು ಎಲ್ಲ ಮುಗಿಸಿ ಮತ್ತೆ ಹತ್ತುತ್ತಾರೆ. ಹೆಣ್ಣು ನೋಡಲು ಹೋಗುವವರು ಮೂರು ಕಡೆ ಇಳಿಯಬೇಕಾಗುತ್ತದೆ. ಎಲ್ಲಕ್ಕಿಂತ ದೊಡ್ಡ ನಿಯಮ ಇಳಿಯುವಾಗಿನದು. 'ಹೋಗಿ ಬರ್ತೀನಿ' ಅನ್ನುವ ಮಾತನ್ನು ಎರಡೂ ಕಾಲು ನೆಲಕ್ಕೆ ಇಟ್ಟ ಮೇಲೆ ಹೇಳಬೇಕು. ಒಂದು ಕಾಲು ಒಳಗಿದ್ದರೂ ಕಾರು ಅದನ್ನು ಕೇಳಿಸಿಕೊಳ್ಳುತ್ತದೆ, ಆಮೇಲೆ ನೀವು ಬರುವವರೆಗೆ ಕಾಯುತ್ತದೆ. ನಮ್ಮಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಇದನ್ನು ಕಲಿಸುತ್ತಾರೆ.

ನನ್ನ ಹೆಸರು ಚಂದ್ರಮೌಳಿ. ಕಾರುಗಳ ಹಿಂದಿನ ಗಾಜಿನ ಮೇಲೆ ಅಕ್ಷರ ಬರೆಯುವುದು ನನ್ನ ಕಸುಬು. 'ತಾಯಿಯ ಆಶೀರ್ವಾದ', 'ಅಪ್ಪ ಕೊಡಿಸಿದ್ದು', ಮಕ್ಕಳ ಹೆಸರು, ಮೊಮ್ಮಕ್ಕಳ ಹೆಸರು, ಮನೆದೇವರ ಹೆಸರು. ಈ ಊರಿನಲ್ಲಿ ಯಾರ ಮನೆಯಲ್ಲಿ ಯಾರ್ಯಾರಿದ್ದಾರೆ ಅನ್ನುವುದು ಗಣತಿಯವರಿಗಿಂತ ನನಗೆ ಚೆನ್ನಾಗಿ ಗೊತ್ತು. ನನ್ನ ಅಂಗಡಿ ಶೋರೂಮಿನ ಎದುರಿಗೇ ಇದೆ. ಹೊಸ ಕಾರು ಹೊರಗೆ ಬಂದರೆ ನೇರವಾಗಿ ನನ್ನ ಹತ್ತಿರ ಬರುತ್ತದೆ. ಇನ್ನು ನನ್ನ ಮನೆಯಲ್ಲಿ ಎಷ್ಟು ಜನ ಅಂತ ಕೇಳುತ್ತೀರಾ? ಇಗೋ, ಈ ಬೆರಳು ನೋಡಿ. ಬಾಯಿಬಿಟ್ಟು ಹೇಳುವುದಿಲ್ಲ. ಬೆರಳು ಇದಕ್ಕೆ ಕಾಣುವುದಿಲ್ಲ.

ಹನ್ನೊಂದು ವರ್ಷದ ಹಿಂದೆ ಅದು ಎರಡು ಬೆರಳಾಗಿತ್ತು. ನನ್ನ ಹೆಂಡತಿಯ ಹೆಸರು ಸರ್ವಮಂಗಳ. ನಮ್ಮಲ್ಲಿ ಜಗಳವಾಗಲಿಲ್ಲ. ಮೀನಿಗೆ ಈಜು ಕಲಿಸಿದೆ, ಕಲೆಕ್ಟರು ನನ್ನ ಕೈಯಲ್ಲಿ ಸಹಿ ತಿದ್ದಿಸಿಕೊಂಡರು, ಅಂತ ನಾನು ದಿನಕ್ಕೊಂದು ಬಿಡುತ್ತಿದ್ದೆ. ಮೊದಲ ಎರಡು ವರ್ಷ ಅವಳು ನಕ್ಕಳು. ಆಮೇಲೆ ನನಗೆ ಜ್ವರ ಅಂದರೂ ಹಣೆ ಮುಟ್ಟಿ ನೋಡುವವರೆಗೆ ನಂಬುತ್ತಿರಲಿಲ್ಲ. ಹುಡುಗಿಯರ ಹಾಸ್ಟೆಲ್ಲಿನಲ್ಲಿ ವಾರ್ಡನ್ ಕೆಲಸ ಸಿಕ್ಕಿತು, ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಹೊರಡುವ ದಿನ ಬಾಗಿಲಲ್ಲಿ ನಿಂತು 'ಹೋಗಿ ಬರ್ತೀನಿ' ಅಂದಳು. ಎರಡೂ ಕಾಲು ನೆಲದ ಮೇಲಿತ್ತು. ಆಮೇಲೆ ಟ್ಯಾಕ್ಸಿ ಹತ್ತಿದಳು. ಟ್ಯಾಕ್ಸಿಯವನನ್ನು ಸಂಜೆ ಹುಡುಕಿಕೊಂಡು ಹೋಗಿ, ಒಳಗೆ ಕೂತ ಮೇಲೆ ಅಮ್ಮಾವ್ರು ಏನಾದರೂ ಅಂದರಾ ಅಂತ ಕೇಳಿದೆ. ಬಸ್ ನಿಲ್ದಾಣದವರೆಗೂ ಎಲೆಅಡಿಕೆ ಜಗಿಯುತ್ತಿದ್ದರು ಅಂದ.

ಹೋದ ವರ್ಷ ನನಗೆ ಐವತ್ತೆರಡು ತುಂಬಿತು, ಸ್ಕೂಟರು ಮಾರಿದೆ. ಸ್ಕೂಟರಿನ ಮೇಲೆ ಏನು ಮಾತಾಡಿದರೂ ಗಾಳಿ ತೆಗೆದುಕೊಂಡು ಹೋಗುತ್ತದೆ. ಮಾತು ಒಳಗೇ ಉಳಿಯುವಂಥದ್ದು, ಬಾಗಿಲು ಇರುವಂಥದ್ದು ಒಂದು ಬೇಕು ಅನ್ನಿಸಿತು. ರಸ್ತೆ ದಾಟಿ ಶೋರೂಮಿಗೆ ಹೋದೆ. ಅಲ್ಲಿ ಗಿರಾಕಿಗಳನ್ನು ನೋಡಿಕೊಳ್ಳುವವರು ಫಿಲೋಮಿನಾ, ಹದಿನೈದು ವರ್ಷದಿಂದ ದಿನಾ ಎದುರುಬದುರು ನೋಡುತ್ತಿದ್ದೇವೆ. ಆದರೂ ನಿಯಮ ಅಂದರೆ ನಿಯಮ, ಫಾರಂ ತೆಗೆದು ಮನೆಯಲ್ಲಿ ಎಷ್ಟು ಜನ ಅಂತ ಕೇಳಿದರು. ನಾನು ನೆಲದ ಮೇಲೆ ನಿಂತಿದ್ದೆ, ನಾಲ್ಕು ಅಂದೆ. ಅವರು ಕನ್ನಡಕದ ಮೇಲಿಂದ ಒಂದು ಸಲ ನೋಡಿ, ನಾಲ್ಕು ಅಂತಲೇ ಬರೆದುಕೊಂಡರು. ಒಳ್ಳೆಯ ಹೆಂಗಸು.

ಹೊಸ ಕಾರಿನ ವಿಷಯ ಅವರು ಮುಚ್ಚಿಡಲಿಲ್ಲ. ಬುಕ್ ಮಾಡಿದರೆ ಎರಡು ತಿಂಗಳಿಗೆ ಬರುತ್ತದೆ, ಬಣ್ಣ ನಾವು ಹೇಳಿದ್ದು, ವಾಸನೆ ಹೊಚ್ಚಹೊಸದು. ಆದರೆ ಮೊದಲ ತಿಂಗಳು ಅದರಲ್ಲಿ ಮನೆಮಂದಿಯೆಲ್ಲ ಕೂತು ಓಡಾಡಬೇಕು, ಅಲ್ಲಿಗೆ ಹೋಗೋಣ, ಇಲ್ಲಿಗೆ ಬರೋಣ ಅಂತ ಒಬ್ಬರಿಗೊಬ್ಬರು ಒಳ್ಳೆಯ ಮಾತಾಡಬೇಕು. ಒಬ್ಬನೇ ಕೂತು ತನ್ನಷ್ಟಕ್ಕೆ ಆಡಿಕೊಂಡರೆ ಅದು ಲೆಕ್ಕಕ್ಕಿಲ್ಲ. ಮಾತು ಬೀಳದ ಕಾರು ಒಂದು ತಿಂಗಳಲ್ಲಿ ಮೂಗಾಗುತ್ತದೆ. ಆಮೇಲೆ ತಿರುಗಿಸಿದ ಕಡೆ ತಿರುಗುತ್ತದೆ, ನಿಲ್ಲಿಸಿದ ಕಡೆ ನಿಲ್ಲುತ್ತದೆ, ಅಷ್ಟೇ. ನಿಮ್ಮೂರಿನ ಕಾರುಗಳ ಹಾಗೆ. ಬೇಜಾರು ಮಾಡಿಕೊಳ್ಳಬೇಡಿ.

ಇನ್ನೊಂದು ಇದೆ ಅಂತ ಫಿಲೋಮಿನಾ ನನ್ನನ್ನು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದರು. ಇದೇ ಕಾರು. ಗಿರಾಕಿಗಳು ಓಡಿಸಿ ನೋಡಲು ಇಟ್ಟಿದ್ದ ಡೆಮೊ ಗಾಡಿ. ಎಂಟು ಸಾವಿರ ಕಿಲೋಮೀಟರು ಓಡಿತ್ತು, ಬೆಲೆ ಕಡಿಮೆ, ಇವತ್ತೇ ಮನೆಗೆ ಒಯ್ಯಬಹುದು, ಮಾತಂತೂ ಕಿವಿತುಂಬ ಕೇಳಿದೆ. ಹಾಗಾದರೆ ಐಬೇನು ಅಂದೆ. ಅವರು ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದ ಚೀಟಿ ತೋರಿಸಿದರು. 'ದಯವಿಟ್ಟು ಇಳಿದ ಮೇಲೆ ಮಾತು ಕೊಡಿ' ಅಂತಿತ್ತು. ನಾನೇ ಬರೆದುಕೊಟ್ಟದ್ದು. ಯಾರೂ ಓದಿರಲಿಲ್ಲ. ನಮ್ಮ ಜನ ಗೊತ್ತಲ್ಲ, ಬೇಡ ಅನ್ನುವ ಮಾತು ಅವರ ಬಾಯಲ್ಲಿ ಹುಟ್ಟುವುದಿಲ್ಲ. ಇಳಿಯುವ ಮುಂಚೆಯೇ, ನೋಟ ಬೇರೆ ಕಡೆ ತಿರುಗಿಸಿ, 'ಮನೇಲಿ ಕೇಳಿ ಬರ್ತೀವಿ' ಅಂದುಬಿಡುತ್ತಾರೆ. ಮುನ್ನೂರಕ್ಕೂ ಹೆಚ್ಚು ಜನ ಹಾಗೆ ಅಂದಿದ್ದರು. ಇದು ಮುನ್ನೂರೂ ಜನರನ್ನು ನಂಬಿತ್ತು.

"ಗಾಡೀದು ಏನೂ ತಪ್ಪಿಲ್ಲ ಸರ್," ಅಂದರು ಫಿಲೋಮಿನಾ. "ನಂಬಿಕೆ ಒಂಚೂರು ಜಾಸ್ತಿ."

ಓಡಿಸಿ ನೋಡಲು ಹೊರಟೆವು. ನಾನು ಮಾರುಕಟ್ಟೆ ಕಡೆ ತಿರುಗಿಸಿದರೆ ಇದು ಬ್ಯಾಂಕ್ ಕಾಲೊನಿ ಕಡೆ ತಿರುಗಿತು. ಒಂದು ಗೇಟಿನ ಮುಂದೆ ನಿಂತಿತು. ಸಣ್ಣದಾಗಿ ಒಂದು ಹಾರನ್ ಮಾಡಿತು. ಕಾಯಿತು. ಒಳಗೆ ಯಾರೋ ಪರದೆ ಸರಿಸಿ ನೋಡಿ ಟಿವಿ ಸದ್ದು ಕಡಿಮೆ ಮಾಡಿದರು. ಎರಡು ನಿಮಿಷ ನೋಡಿ ಇದು ಮುಂದಕ್ಕೆ ಹೊರಟಿತು. ಇನ್ನೊಂದು ಮನೆ, ಇನ್ನೊಂದು ಹಾರನ್. ಅಲ್ಲಿಯವರು ಆಗಲೇ ಬೇರೆ ಕಾರು ತಗೊಂಡಿದ್ದರು. ಯಜಮಾನರು ಓಡಿ ಬಂದು ಅದರ ಮೇಲೆ ಜಮಖಾನ ಹೊದಿಸಿ, ಅದಕ್ಕೆ ಒರಗಿ ನಿಂತು ಆಕಾಶ ನೋಡತೊಡಗಿದರು. ಮೂರನೆಯ ಮನೆಯಲ್ಲಿ ನಿವೃತ್ತ ಪೋಸ್ಟ್ ಮಾಸ್ತರು ಮೃತ್ಯುಂಜಯಯ್ಯ ಚಪ್ಪಲಿ ಹಾಕಿಕೊಳ್ಳದೆ ಗೇಟಿನವರೆಗೆ ಬಂದು, ಬಾನೆಟ್ಟಿನ ಮೇಲೆ ಕೈಯಿಟ್ಟು, ಇನ್ನೂ ಕೇಳಿಲ್ಲಪ್ಪ, ಅವಳ ಮನಸ್ಸು ಸರಿಯಿಲ್ಲ, ಮುಂದಿನ ವಾರ ನೋಡೋಣ ಅಂದರು. ಹೊರಗೆ ನಿಂತು ಆಡಿದ್ದು ಇದಕ್ಕೆ ಕೇಳಿಸುವುದಿಲ್ಲ. ಆದರೂ ಆ ಮನೆಯ ಮುಂದೆ ಒಂದು ನಿಮಿಷ ಹೆಚ್ಚಿಗೆ ನಿಂತಿತು. ಫಿಲೋಮಿನಾ ಕಿಟಕಿಯ ಹೊರಗೆ ನೋಡುತ್ತಿದ್ದರು. ನಾನೂ ಬೇರೆ ಕಡೆ ನೋಡಿದೆ. ಕಾಯುವವರನ್ನು ಹತ್ತಿರದಿಂದ ನೋಡುವುದು ಚೆನ್ನಾಗಿರುವುದಿಲ್ಲ.

ವಾಪಸು ಬರುವಷ್ಟರಲ್ಲಿ ನಾನು ನಿರ್ಧರಿಸಿ ಆಗಿತ್ತು. ಇದು ಬೇಡ. ಊರವರ ಗೇಟು ಗೇಟಿಗೆ ನನ್ನನ್ನು ಕೂರಿಸಿಕೊಂಡು ಹೋಗಿ ನಿಲ್ಲುವ ಗಾಡಿ ಯಾರಿಗೆ ಬೇಕು? ಹೊಸದನ್ನೇ ಬುಕ್ ಮಾಡುವುದು. ಮೂಗಾದರೆ ಆಗಲಿ, ನಾನೂ ಬಾಯಿ ಮುಚ್ಚಿಕೊಂಡಿರಲು ಕಲಿತರಾಯಿತು. ಆದರೆ ಆ ಹೆಂಗಸು ಮಧ್ಯಾಹ್ನವೆಲ್ಲ ಜೊತೆಗೆ ಕೂತು ಸುತ್ತಿಸಿದ್ದಾರೆ, ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುವುದು ಹೇಗೆ? ನೋಟ ಬೇರೆ ಕಡೆ ತಿರುಗಿಸಿದೆ. ಬಾಗಿಲು ತೆಗೆದೆ. ಒಂದು ಕಾಲು ಹೊರಗಿಟ್ಟೆ. "ಮನೇಲಿ ಕೇಳಿ ಬರ್ತೀನಿ ಮೇಡಂ," ಅಂದೆ.

ಫಿಲೋಮಿನಾ ಬಾಯಿಗೆ ಕೈ ಅಡ್ಡ ಹಿಡಿದರು. ನನ್ನ ಇನ್ನೊಂದು ಕಾಲು ಇನ್ನೂ ಕ್ಲಚ್ಚಿನ ಪಕ್ಕದಲ್ಲೇ ಇತ್ತು. ಚೀಟಿ ನನ್ನ ಮುಖದ ಮುಂದೆಯೇ ಇತ್ತು, ನನ್ನದೇ ಅಕ್ಷರ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಹಾಲು ತರಲು ಬಾಗಿಲು ತೆಗೆದರೆ ಗೇಟಿನ ಮುಂದೆ ಇದು ನಿಂತಿದೆ. ಸಣ್ಣದೊಂದು ಹಾರನ್ ಮಾಡಿತು. ಉಳಿದವರ ಮನೆಯ ಮುಂದೆ ಎರಡು ನಿಮಿಷ ನಿಲ್ಲುವ ಗಾಡಿ ನನ್ನ ಮನೆಯ ಮುಂದೆ ಹತ್ತು ಗಂಟೆಯವರೆಗೆ ನಿಂತಿತು. ಆಮೇಲೆ ಡ್ಯೂಟಿಗೆ ಶೋರೂಮಿಗೆ ಹೋಯಿತು. ಮರುದಿನವೂ ಬಂತು. ಪಕ್ಕದ ಮನೆಯ ಗೌರಮ್ಮ ಕಾಂಪೌಂಡಿನ ಮೇಲಿಂದ, ಏನು ಮೌಳಿಯವರೇ, ಮನೇಲಿ ಇನ್ನೂ ಒಪ್ಪಿಲ್ವಾ ಅಂತ ಕೇಳಿದರು. ಅವರಿಗೆ ನನ್ನ ಮನೆಯ ಬೆರಳುಗಳ ಸಂಖ್ಯೆ ಚೆನ್ನಾಗಿ ಗೊತ್ತು. ಮೂರನೆಯ ದಿನ ನಾನು ನಿಜವಾಗಿಯೂ ಅಡುಗೆಮನೆಗೆ ಹೋಗಿ, ತಗೊಳ್ಳೋಣವಾ ಅಂತ ಗಟ್ಟಿಯಾಗಿ ಕೇಳಿದೆ. ಗೌರಮ್ಮನವರ ಕುಕ್ಕರು ಒಂದು ವಿಸಿಲ್ ಹಾಕಿತು. ಅದನ್ನು ಒಪ್ಪಿಗೆ ಅಂದುಕೊಳ್ಳಬಹುದಿತ್ತು, ಆದರೆ ಅವರದು ಬೇರೆ ಮನೆ.

ನಾಲ್ಕನೆಯ ದಿನ ಫಿಲೋಮಿನಾ ಸ್ಕೂಟರಿನಲ್ಲಿ ಬಂದರು. ನನ್ನನ್ನು ಕಾರಿನಿಂದ ದೂರಕ್ಕೆ, ನಲ್ಲಿಯ ಹತ್ತಿರ ಕರೆದು, ಒಳಗೆ ಕೂತು ಒಂದು ಮಾತು ಹೇಳಿಬಿಡಿ ಸರ್, ಅದಕ್ಕೂ ಬಿಡುಗಡೆ, ನಿಮಗೂ ಬಿಡುಗಡೆ ಅಂದರು. ಏನಂತ ಹೇಳಲಿ ಅಂದೆ.

"ಎರಡೇ ದಾರಿ ಸರ್. ಮನೇಲಿ ಕೇಳ್ದೆ, ಬೇಡ ಅಂದ್ರು ಅನ್ನಿ. ಇಲ್ಲಾಂದ್ರೆ ಕೇಳೋಕೆ ಮನೇಲಿ..." ಅಂದವರು ಮುಂದಿನದನ್ನು ಹೇಳದೆ ಒಂದು ಬೆರಳು ತೋರಿಸಿದರು. ಫಾರಮ್ಮಿನಲ್ಲಿ ನಾಲ್ಕು ಅಂತ ಬರೆದುಕೊಂಡದ್ದು ಸುಮ್ಮನೆ.

ಮೊದಲನೆಯದು ಸುಳ್ಳು, ಕಾರಿನಲ್ಲಿ ನಡೆಯುವುದಿಲ್ಲ. ಎರಡನೆಯದು ನಿಜ. ಹನ್ನೊಂದು ವರ್ಷ ನಾನು ಅದನ್ನು ಎಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಳು ಹಾಸ್ಟೆಲ್ಲಿನಲ್ಲಿದ್ದಾಳೆ, ರಜೆ ಸಿಕ್ಕಿಲ್ಲ ಅನ್ನುತ್ತಿದ್ದೆ. ಕಾರಿನೊಳಗೆ ಅಂದುಬಿಟ್ಟರೆ ಮುಗಿಯಿತು, ಇದು ನಂಬಿಬಿಡುತ್ತದೆ. ಒಬ್ಬರು ಪೂರ್ತಿ ನಂಬಿದ ಮೇಲೆ ನಾನೂ ನಂಬಬೇಕಾಗುತ್ತದೆ. ನಾಳೆ ಹೇಳುತ್ತೇನೆ ಅಂತ ಫಿಲೋಮಿನಾ ಅವರನ್ನು ಕಳಿಸಿದೆ. ನೆಲದ ಮೇಲೆ ನಿಂತೇ ಅಂದೆ.

ಐದನೆಯ ದಿನ ಬೆಳಿಗ್ಗೆ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಬಂದು ಇದರೊಳಗೆ ಕೂತೆ. ಬಾಗಿಲು ಹಾಕಿಕೊಂಡೆ. ಹೇಳಬೇಕಾದ ಮಾತನ್ನು ಬಾಯಿಯವರೆಗೂ ತಂದೆ. ಆಮೇಲೆ ಜೇಬಿನಿಂದ ಫೋನು ತೆಗೆದು ಸರ್ವಮಂಗಳಾಗೆ ಮಾಡಿದೆ. ಫೋನನ್ನು ಸ್ಪೀಕರಿಗೆ ಹಾಕಿ ತೊಡೆಯ ಮೇಲೆ ಇಟ್ಟುಕೊಂಡೆ. ನಾವು ವರ್ಷಕ್ಕೊಮ್ಮೆ ಯುಗಾದಿಯ ದಿನ ಮಾತಾಡುವವರು.

"ಏನ್ರೀ, ಯುಗಾದಿ ಇನ್ನೂ ದೂರ ಇದೆ," ಅಂದಳು.

ಒಂದು ಕಾರು ತಗೊಳ್ಳಬೇಕು ಅಂತಿದ್ದೇನೆ, ಮನೇಲಿ ಕೇಳಿ ಬರ್ತೀನಿ ಅಂದಿದ್ದೆ, ಅದಕ್ಕೆ ಕೇಳುತ್ತಿದ್ದೇನೆ ಅಂದೆ. ಆ ಕಡೆ ಹುಡುಗಿಯರು ತಿಂಡಿ ತಿನ್ನುತ್ತಿದ್ದರು ಅಂತ ಕಾಣುತ್ತದೆ, ತಟ್ಟೆಗಳ ಸದ್ದು ಕೇಳಿಸುತ್ತಿತ್ತು.

"ಹೊಸದಾ?"

"ಅಲ್ಲ, ಶೋರೂಮಿನ ಡೆಮೊ ಗಾಡಿ."

"ಅಂದ್ರೆ ಊರೋರೆಲ್ಲ ಕೂತು, ಬರ್ತೀವಿ ಅಂತ ಹೇಳಿ ಎದ್ದು ಹೋಗಿರೋದು."

"ಹೂಂ."

ಅವಳು ನಕ್ಕಳು. ಮೊದಲ ಎರಡು ವರ್ಷ ನಗುತ್ತಿದ್ದ ಹಾಗೆ. "ತಗೊಳ್ಳಿ, ನಿಮಗೆ ಸರಿಯಾದ ಜೋಡಿ," ಅಂದಳು. ಆಮೇಲೆ, ಮಾತು ಮುಗಿಸುವಾಗ ಯಾರಾದರೂ ಅನ್ನುವ ಹಾಗೆ, "ಆ ಕಡೆ ಬಂದಾಗ ನಾನೂ ಒಂದ್ಸಲ ಕೂರ್ತೀನಿ," ಅಂದಳು.

ಕೀಲಿ ನನ್ನ ಜೇಬಿನಲ್ಲಿತ್ತು, ಎಂಜಿನ್ ಆಫ್ ಆಗಿತ್ತು. ಆದರೂ ಎಡಗಡೆಯ ಇಂಡಿಕೇಟರು ಎರಡು ಸಲ ಟಿಕ್ ಟಿಕ್ ಅಂದಿತು, ಬರುವ ಮಾತನ್ನು ಬರೆದಿಟ್ಟುಕೊಂಡ ಹಾಗೆ. ನಾನು ಸುಮ್ಮನಿರಬಹುದಿತ್ತು. ಜೀವಮಾನದಲ್ಲಿ ಎಷ್ಟೋ ಕಡೆ ಬೇಡದ ಮಾತಾಡಿದ್ದೇನೆ, ಅವತ್ತೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಕಾರಿನೊಳಗೆ ಕೂತಿದ್ದೆ.

"ಮಂಗಳಾ, ನಾನು ಕಾರೊಳಗೆ ಕೂತು ಮಾತಾಡ್ತಿದೀನಿ," ಅಂದೆ. "ಫೋನು ಸ್ಪೀಕರಲ್ಲಿದೆ."

ಅವಳೂ ಈ ಊರಿನಲ್ಲೇ ಹುಟ್ಟಿದವಳು. ಹಾಗಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿರಲಿಲ್ಲ. ತಟ್ಟೆಗಳ ಸದ್ದು ನಿಂತಿತು. ಅವಳು ಹೊರಗಿನ ಕಾರಿಡಾರಿಗೆ ಬಂದಿರಬೇಕು. ಲೈನು ಕಡಿದುಹೋಯಿತೇನೋ ಅಂತ ನಾನು ಎರಡು ಸಲ ಫೋನು ನೋಡಿದೆ.

"ಹಾಗಾದ್ರೆ ಇಳೀರಿ," ಅಂದಳು ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಇಳಿದು ಮಾತಾಡಿ."

ಇಳಿದೆ. ಎರಡೂ ಕಾಲು ನೆಲಕ್ಕಿಟ್ಟೆ, ಬಾಗಿಲು ಹಾಕಿದೆ, ಗೇಟಿನವರೆಗೆ ಹೋದೆ. ಇಳಿದಿದ್ದೇನೆ ಅಂದೆ. ಆಗ ಅವಳು ಅದೇ ಮಾತನ್ನು ಮತ್ತೊಂದು ಸಲ, ಮೊದಲಿಗಿಂತ ಪ್ರೀತಿಯಿಂದ ಅಂದಳು, ಆ ಕಡೆ ಬಂದಾಗ ಕೂರುತ್ತೇನೆ ಅಂತ. ನಾನು ಬಾ ಅಂದೆ. ಊಟ ಸರಿಯಾಗಿ ಮಾಡಿ ಅಂದಳು. ಮಾಡುತ್ತೇನೆ ಅಂದೆ. ಇಬ್ಬರೂ ನೆಲದ ಮೇಲಿದ್ದೆವು.

ಅವತ್ತು ಮಧ್ಯಾಹ್ನವೇ ಕಾಗದಕ್ಕೆ ಸಹಿ ಹಾಕಿ ಇದನ್ನು ತಗೊಂಡೆ. ಫಿಲೋಮಿನಾ ಮನೇಲಿ ಒಪ್ಪಿದರಾ ಸರ್ ಅಂತ ಕೇಳಿದರು. ಒಪ್ಪಿದರು ಅಂದೆ. ಕಾರಿನೊಳಗೆ ಕೂತೇ ಅಂದೆ. ಅವರ ಕಣ್ಣು ಒಂದು ಕ್ಷಣ ದೊಡ್ಡದಾಯಿತು.

ಆಮೇಲೆ ಭಾನುವಾರಗಳಲ್ಲಿ ಮುನ್ನೂರು ಮನೆಗಳ ಕೆಲಸ ಶುರುಮಾಡಿದೆ. ಉಪಾಯ ಸುಲಭ, ಅವರು ಒಳಗೆ ಕೂತು ಬೇಡ ಅಂದರೆ ಸಾಕು, ಇದು ಅವರನ್ನು ಬಿಡುತ್ತದೆ. ಜಮಖಾನ ಹೊದಿಸಿದ ಯಜಮಾನರು ಮೂರು ವಾರ ತಪ್ಪಿಸಿಕೊಂಡು, ನಾಲ್ಕನೆಯ ವಾರ ಕೂತು ಕಣ್ಣುಮುಚ್ಚಿ ಬೇಡ ಅಂದರು, ಇಳಿದ ಮೇಲೆ ಒಂದು ಲೋಟ ನೀರು ಕುಡಿದರು. ಒಬ್ಬ ಡೆಂಟಿಸ್ಟ್ ಡಾಕ್ಟರು ಕೂತು, ಬೇಡ ಅಂತಲ್ಲ, ಅಂತ ಶುರುಮಾಡಿದರು. ಈಗ ಅವರ ಮನೆಗೆ ವಾರಕ್ಕೆ ಎರಡು ಸಲ ಹೋಗುತ್ತೇವೆ. ಪೋಸ್ಟ್ ಮಾಸ್ತರು ಮೃತ್ಯುಂಜಯಯ್ಯನವರು ಹತ್ತಿ ಕೂತರು, ಬಾಯಿ ತೆರೆದರು, ಏನೂ ಹೇಳಲಿಲ್ಲ. ಅವರ ಮನೆಯಲ್ಲಿ ಕೇಳಬೇಕಾದವರು ಮಾರ್ಗಶಿರದಲ್ಲೇ, ನಾವು ಮೊದಲ ಸಲ ಆ ಗೇಟಿಗೆ ಹೋಗುವ ಮುಂಚೆಯೇ, ತೀರಿಹೋಗಿದ್ದರು, ನನಗೆ ಗೊತ್ತಿರಲಿಲ್ಲ. ಇನ್ನೊಂದು ಸಲ ಬಾ ಅಂದರು, ಇಳಿದ ಮೇಲೆ. ಅವರ ಗೇಟಿಗೆ ಈಗಲೂ ನಿಲ್ಲಿಸುತ್ತೇನೆ. ಅವರು ಬಂದು ಬಾನೆಟ್ಟು ಸವರಿ ಹೋಗುತ್ತಾರೆ.

ಮುನ್ನೂರರಲ್ಲಿ ಈಗ ನಲವತ್ತು ಮನೆ ಉಳಿದಿರಬಹುದು. ಅವನ್ನು ಬಿಟ್ಟರೆ ಈ ಬಸ್ ನಿಲ್ದಾಣ. ಅವಳ ಊರಿನ ಬಸ್ಸು ಹನ್ನೊಂದು ನಲವತ್ತಕ್ಕೆ ಬರುತ್ತದೆ. ನಾನೇನೇ ಮಾಡುತ್ತಿರಲಿ, ಗಾಜಿನ ಮೇಲೆ ಯಾರ ಮೊಮ್ಮಗನ ಹೆಸರೇ ಬರೆಯುತ್ತಿರಲಿ, ಹನ್ನೊಂದೂವರೆಗೆ ಇದು ಅಂಗಡಿಯ ಮುಂದೆ ಬಂದು ಸಣ್ಣದೊಂದು ಹಾರನ್ ಮಾಡುತ್ತದೆ. ಅವಳು ಆ ಕಡೆ ಬಂದಾಗ ಅಂದಿದ್ದಳು, ಯಾವತ್ತು ಅಂತ ಹೇಳಿರಲಿಲ್ಲ. ಹಾಗಾಗಿ ಇದಕ್ಕೆ ದಿನವೂ ಆ ದಿನವೇ. ಎಡಗಡೆಯ ಈ ಸೀಟಿನಲ್ಲಿ ಯಾರನ್ನೂ ಕೂರಿಸಿಕೊಳ್ಳುವುದಿಲ್ಲ ಇದು, ಬೇಡ ಅನ್ನಲು ಬಂದವರೂ ಹಿಂದೆಯೇ ಕೂರಬೇಕು, ನೀವು ಹೇಗೆ ಹತ್ತಿದಿರೋ. ಬ್ಯಾಗು ಹಿಡಿದು ನಿಂತಿದ್ದಿರಿ, ಅಷ್ಟಕ್ಕೇ ಬಾಗಿಲು ತೆಗೆಯಿತು ಅಂತ ಕಾಣುತ್ತದೆ.

ಅವಳಿಗೆ ಒಂದು ಫೋನು ಮಾಡಿ, ಕಾರಿನಲ್ಲಿ ಸ್ಪೀಕರಿಗೆ ಹಾಕಿ, ಬರಲ್ಲ ಅಂತ ಒಂದು ಮಾತು ಹೇಳಿಸಿದರೆ ಇದಕ್ಕೆ ಬಿಡುಗಡೆಯಾಗುತ್ತದೆ. ಫಿಲೋಮಿನಾ ಎರಡು ಸಲ ಹೇಳಿದರು. ಕೇಳಿದರೆ ಅವಳು ಅಂದರೂ ಅಂದಾಳು. ನಾನು ಮಾಡಿಲ್ಲ. ತಪ್ಪು ತಿಳಿಯಬೇಡಿ, ಕಾಯುವುದು ಕಾರು. ನಾನು ಬರೀ ಜೊತೆಗೆ ಬರುತ್ತೇನೆ. ನೋಡಿ, ಇದನ್ನೂ ಕಾರಿನೊಳಗೆ ಕೂತೇ ಹೇಳಿದೆ, ಇಂಡಿಕೇಟರು ಸುಮ್ಮನೇ ಇದೆ. ಅದು ನಂಬಿತು ಅಂತಲೋ, ಪಾಪ ಬಿಡು ಅಂತಲೋ, ನನಗೆ ಗೊತ್ತಾಗುವುದಿಲ್ಲ.

ಹಿಂದಿನ ಗಾಜಿನ ಮೇಲೆ ಏನು ಬರೆದೆ ಅಂತ ಹೇಳಲೇ ಇಲ್ಲ ನಿಮಗೆ. ಊರಿಗೆಲ್ಲ ಬರೆದವನು ನನ್ನದಕ್ಕೆ ಬರೆಯಲು ಒಂದು ತಿಂಗಳು ಯೋಚಿಸಿದೆ. ತಾಯಿಯ ಆಶೀರ್ವಾದ ಅನ್ನಲು ತಾಯಿ ಹೋಗಿ ಇಪ್ಪತ್ತು ವರ್ಷವಾಯಿತು, ಮಕ್ಕಳ ಹೆಸರು ಬರೆಯಲು ಮಕ್ಕಳಾಗಲಿಲ್ಲ. ಕೊನೆಗೆ ಹಳದಿ ಬಣ್ಣದಲ್ಲಿ, ಕೆಂಪು ಅಂಚು ಕೊಟ್ಟು, 'ಮನೆಯಲ್ಲಿ ಕೇಳಿದ್ದೇನೆ' ಅಂತ ಬರೆದೆ. ಸಿಗ್ನಲ್ಲಿನಲ್ಲಿ ಹಿಂದೆ ನಿಂತವರು ಓದಿ ನಗುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಟ್ಟಿದ್ದೇನೆ, ಇಳಿದ ಮೇಲೆ ನೋಡಿ, ಅಲ್ಲಿ ಏನು ಬರೆಯಬೇಕು ಅಂತ ನನ್ನ ಮನಸ್ಸಿನಲ್ಲಿರುವುದು, ಅರೆ, ಬ್ಯಾಗು ಯಾಕೆ ತಗೊಂಡಿರಿ? ಅದು ನಿಮ್ಮ ಬಸ್ಸೇ, ಆದರೆ ಡ್ರೈವರು ಕಾಫಿ ಕುಡಿಯದೆ ಹೊರಡುವುದಿಲ್ಲ, ಇನ್ನೂ ಹತ್ತು ನಿಮಿಷ ನಿಲ್ಲುತ್ತದೆ. ಏನಂದಿರಿ? 'ಒಂದ್ನಿಮಿಷ, ಈಗ್ ಬಂದೆ' ಅಂದಿರಾ? ಅಯ್ಯೋ, ಸ್ವಾಮಿ, ಹಾಗನ್ನಬಾರದು, ನಿಮ್ಮ ಬಲಗಾಲು ಇನ್ನೂ ಒಳಗೇ ಇದೆ. ನಿಲ್ಲಿ, ಇಂಡಿಕೇಟರು ನೋಡಿ. ಕೊನೆಗೆ ನಿಮ್ಮೂರು ಯಾವುದು, ಬೀದಿ ಯಾವುದು, ಅಷ್ಟಾದರೂ ಹೇಳಿ ಹೋಗಿ ಸ್ವಾಮಿ, ನಾಳೆಯಿಂದ ನಾವಿಬ್ಬರೂ ಅಲ್ಲಿಗೂ ಬಂದು ಹಾರನ್ ಮಾಡಿ...